ಆರೋಗ್ಯ ಪ್ರಶ್ನೋತ್ತರ: ಹಾಸಿಗೆ ಹಾಸಿದರೂ ಬಾರದ ನಿದ್ದೆ

ಈ ಸಲ ಬಂದ ಪತ್ರಗಳಲ್ಲಿ ಬಿಪಿ, ಗ್ಯಾಸ್ಟ್ರಿಕ್, ತಲೆನೋವು, ಮರೆವು, ಸಿಡುಕು ಹೀಗೆ ನಾನಾ ದೂರುಗಳಿದ್ದವು. ಕೊನೆಯ ಸಾಲಿನವರೆಗೆ ಓದಿದರೆ ಬಹಳಷ್ಟರ ಬುಡದಲ್ಲಿ ಇದ್ದದ್ದು ಕೆಟ್ಟ ನಿದ್ದೆ. ಹಾಗಾಗಿ ಈ ಕಂತು ಪೂರ್ತಿ ಅದಕ್ಕೇ ಮೀಸಲು. ಬರೆದವರ ಹೆಸರು ಬಿಟ್ಟು ಊರನ್ನಷ್ಟೇ ಕೊಟ್ಟಿದ್ದೇವೆ.

ಪ್ರಶ್ನೆ: ನನಗೆ 38 ವರ್ಷ, ಬ್ಯಾಂಕಿನಲ್ಲಿ ಕೆಲಸ. ಎಂಟು ತಿಂಗಳಿಂದ ನಿದ್ದೆಯೇ ಸರಿಯಿಲ್ಲ. ರಾತ್ರಿ 10ಕ್ಕೆ ಮಲಗಿದರೆ ನಿದ್ದೆ ಹತ್ತೋದು 12.30, 1 ಗಂಟೆಗೆ. ನಡುವೆ ಎರಡು ಮೂರು ಸಲ ಎಚ್ಚರ. 6.30ಕ್ಕೆ ಏಳುವಾಗ ಮೈ ಭಾರ. ವಿಚಿತ್ರ ಅಂದರೆ ಟಿವಿ ಮುಂದೆ ಸೋಫಾದಲ್ಲಿ 8.30ಕ್ಕೆಲ್ಲ ಕಣ್ಣು ಮುಚ್ಚಿಹೋಗುತ್ತೆ, ಎದ್ದು ಹಾಸಿಗೆಗೆ ಹೋದ ತಕ್ಷಣ ಪೂರ್ತಿ ಎಚ್ಚರ. ಭಾನುವಾರ 10 ಗಂಟೆವರೆಗೆ ಮಲಗಿ ಸರಿದೂಗಿಸುತ್ತೇನೆ. ಥೈರಾಯ್ಡ್, ಶುಗರ್ ಎಲ್ಲ ನಾರ್ಮಲ್. ಬಿಸಿ ಹಾಲು, ಜಾಯಿಕಾಯಿ ಎಲ್ಲ ಆಯಿತು. ಸಂಜೆಯಾದರೆ ಸಾಕು, ‘ಇವತ್ತೂ ಬರಲ್ಲ’ ಅನ್ನೋ ಹೆದರಿಕೆ. ಏನು ಮಾಡಲಿ? (ದಾವಣಗೆರೆ)

ಉತ್ತರ: ಸೋಫಾದಲ್ಲಿ ಬರುವ ನಿದ್ದೆ ಹಾಸಿಗೆಯಲ್ಲಿ ಓಡಿಹೋಗುತ್ತದೆ ಎಂದಿರಲ್ಲ, ರೋಗದ ಗುರುತು ಆ ಮಾತಿನಲ್ಲೇ ಇದೆ. ಎಂಟು ತಿಂಗಳು ಹಾಸಿಗೆಯಲ್ಲಿ ಹೊರಳಾಡಿದ ಮೇಲೆ ನಿಮ್ಮ ಮಿದುಳು ಹಾಸಿಗೆ ಎಂದರೆ ಎಚ್ಚರವಿರುವ ಜಾಗ ಎಂದು ಕಲಿತುಬಿಟ್ಟಿದೆ. ಕಲಿತದ್ದನ್ನು ಮರೆಸಬಹುದು. ವಾರಕ್ಕೆ ಮೂರು ರಾತ್ರಿಯಾದರೂ ಹೀಗಾಗಿ, ಮೂರು ತಿಂಗಳು ದಾಟಿದರೆ ಅದಕ್ಕೆ ದೀರ್ಘಕಾಲದ ನಿದ್ರಾಹೀನತೆ ಎನ್ನುತ್ತಾರೆ. ಇದಕ್ಕೆ ಮೊದಲ ಚಿಕಿತ್ಸೆ ಮಾತ್ರೆಯಲ್ಲ, ಸಿಬಿಟಿ-ಐ ಎಂಬ ಅಭ್ಯಾಸ ತಿದ್ದುವ ಕ್ರಮ. ಆರರಿಂದ ಎಂಟು ವಾರ ಹಿಡಿಯುತ್ತದೆ.

ನಿದ್ದೆಯನ್ನು ತರುವುದು ಎರಡು ಸಂಗತಿ. ಒಂದು, ಎದ್ದ ಗಳಿಗೆಯಿಂದ ಮಿದುಳಿನಲ್ಲಿ ಕೂಡುತ್ತಾ ಹೋಗುವ ನಿದ್ದೆಯ ಹಸಿವು. ಅಡಿನೋಸಿನ್ ಎಂಬ ವಸ್ತು ಗಂಟೆಗಂಟೆಗೂ ಶೇಖರವಾಗುವುದರಿಂದ ಇದು ಹೆಚ್ಚುತ್ತದೆ. ಇನ್ನೊಂದು, ಮೈಯೊಳಗಿನ ಗಡಿಯಾರ. ನೀವು 8.30ಕ್ಕೆ ಸೋಫಾದಲ್ಲಿ ಅರ್ಧ ಗಂಟೆ ತೂಕಡಿಸಿದಾಗ, ಊಟಕ್ಕೆ ಮೊದಲು ಚಕ್ಕುಲಿ, ಕೋಡುಬಳೆ ತಿಂದು ಹೊಟ್ಟೆ ತುಂಬಿಸಿಕೊಂಡ ಹಾಗಾಯಿತು. ಭಾನುವಾರ 10ಕ್ಕೆ ಎದ್ದವರಿಗೆ ರಾತ್ರಿ 10ಕ್ಕೆ ಎಚ್ಚರವಿದ್ದು ಬರೀ 12 ಗಂಟೆ ಆಗಿರುತ್ತದೆ. ಹಸಿವೇ ಇಲ್ಲದೆ ಎಲೆ ಮುಂದೆ ಕೂತರೆ ಅನ್ನ ಸೇರುವುದಿಲ್ಲ. ಸೋಮವಾರ ಬೆಳಗಿನ ನಿಮ್ಮ ದಣಿವು ಭಾನುವಾರ ಬೆಳಿಗ್ಗೆಯೇ ಶುರುವಾಗಿರುತ್ತದೆ.

ಮೊದಲ ಎರಡು ವಾರ ಏನನ್ನೂ ಬದಲಿಸಬೇಡಿ, ಬರೆದಿಡಿ. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿದಿನ ಬೆಳಿಗ್ಗೆ ಹಾಸಿಗೆಗೆ ಹೋದ ಹೊತ್ತು, ನಿದ್ದೆ ಹತ್ತಿದ್ದು ಸುಮಾರು ಎಷ್ಟಕ್ಕೆ, ನಡುವೆ ಎಚ್ಚರವಿದ್ದದ್ದು ಎಷ್ಟು ಹೊತ್ತು, ಕೊನೆಗೆ ಎದ್ದದ್ದು ಎಷ್ಟಕ್ಕೆ ಎಂದು ಅಂದಾಜಿನಲ್ಲಿ ಬರೆಯಿರಿ. ರಾತ್ರಿ ಗಡಿಯಾರ ನೋಡಬಾರದು. ಅದನ್ನು ಗೋಡೆಗೆ ಮುಖಮಾಡಿಸಿ, ಫೋನನ್ನು ಬೇರೆ ಕೋಣೆಯಲ್ಲಿಡಿ. ‘ಅಯ್ಯೋ, 2.40 ಆಯಿತು, ಇನ್ನು ನಾಲ್ಕೇ ಗಂಟೆ ಉಳಿದಿದೆ’ ಎಂದು ಲೆಕ್ಕ ಹಾಕುವುದೇ ಎಷ್ಟೋ ಜನರ ನಿದ್ದೆ ಕೆಡಿಸುತ್ತದೆ.

ಆಮೇಲೆ ಸರಾಸರಿ ತೆಗೆಯಿರಿ. ನೀವು ಬರೆದದ್ದನ್ನೇ ಇಟ್ಟುಕೊಂಡರೆ 10ರಿಂದ 6.30ರವರೆಗೆ ಹಾಸಿಗೆಯಲ್ಲಿ ಎಂಟೂವರೆ ಗಂಟೆ. ನಿದ್ದೆ ಐದೂವರೆ ಗಂಟೆ ಎಂದುಕೊಳ್ಳೋಣ. ಅಂದರೆ ಹಾಸಿಗೆಯ ಸಮಯದಲ್ಲಿ ಶೇ 65ರಷ್ಟು ಮಾತ್ರ ನಿದ್ದೆ. ಈಗ ಹಾಸಿಗೆಯ ಸಮಯವನ್ನೂ ಐದೂವರೆ ಗಂಟೆಗೆ ಇಳಿಸಿ. ಏಳುವ ಹೊತ್ತನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. 6 ಗಂಟೆ ಎಂದರೆ ಹಬ್ಬವಿರಲಿ, ಭಾನುವಾರವಿರಲಿ, ರಾತ್ರಿ ಹೇಗೇ ಕಳೆದಿರಲಿ 6ಕ್ಕೇ ಏಳಬೇಕು. ಹಾಸಿಗೆಗೆ ಹೋಗುವುದು 12.30ಕ್ಕೆ. ಒಂದು ವಾರದ ಸರಾಸರಿಯಲ್ಲಿ ಹಾಸಿಗೆಯ ಸಮಯದ ಶೇ 90ರಷ್ಟು, ಅಂದರೆ ಸುಮಾರು ಐದು ಗಂಟೆ, ನಿದ್ದೆ ಬಂದಿದ್ದರೆ ಮರುವಾರ 15 ನಿಮಿಷ ಮೊದಲು, 12.15ಕ್ಕೆ ಮಲಗಿ. ಶೇ 85ರಿಂದ 90ರ ನಡುವೆ ಇದ್ದರೆ ಅದೇ ಹೊತ್ತು ಮುಂದುವರಿಸಿ. ಅದಕ್ಕಿಂತ ಕಡಿಮೆಯಾದರೆ 15 ನಿಮಿಷ ತಡ ಮಾಡಿ, ಆದರೆ ಒಟ್ಟು ಐದು ಗಂಟೆಗಿಂತ ಕೆಳಗೆ ಎಂದೂ ಇಳಿಸಬೇಡಿ. ಹಗಲು ಚುರುಕಾಗಿರುವಷ್ಟು ನಿದ್ದೆ ಸಿಗುವ ತನಕ ಹೀಗೆ ವಾರವಾರ ಹಿಗ್ಗಿಸುತ್ತಾ ಹೋಗುವುದು.

ಹಾಸಿಗೆಯ ನಿಯಮಗಳೂ ಇವೆ. ರೆಪ್ಪೆ ಎಳೆಯುತ್ತಿದ್ದರೆ, ಆಕಳಿಕೆ ಬರುತ್ತಿದ್ದರೆ ಮಾತ್ರ ಹೋಗಿ. ದಣಿವು ಬೇರೆ, ನಿದ್ದೆ ಬೇರೆ. ಮೈ ಸೋತಿದ್ದರೂ ಕಣ್ಣು ಎಳೆಯದಿದ್ದರೆ ಇನ್ನೂ ಹೊತ್ತಾಗಿಲ್ಲ ಎಂದೇ ಅರ್ಥ. ಹಾಸಿಗೆಯ ಮೇಲೆ ಮೊಬೈಲ್, ಮನೆಖರ್ಚಿನ ಲೆಕ್ಕ, ಗಂಡ ಹೆಂಡಿರ ವಾದ ಯಾವುದೂ ಬೇಡ. ಸುಮಾರು 20 ನಿಮಿಷ ಕಳೆಯಿತು ಅನ್ನಿಸಿದರೂ ನಿದ್ದೆ ಬರದಿದ್ದರೆ ಎದ್ದು ಹಾಲ್‌ಗೆ ಬನ್ನಿ. ಮಂದ ದೀಪ ಹಾಕಿಕೊಂಡು ಮನಸ್ಸಿಗೆ ಕೆಲಸವಿಲ್ಲದ, ಕೈಗೆ ಮಾತ್ರ ಕೆಲಸವಿರುವ ಏನನ್ನಾದರೂ ಮಾಡಿ: ಬಟ್ಟೆ ಮಡಿಸುವುದು, ಸೊಪ್ಪು ಸೋಸುವುದು, ಕಾಲದಲ್ಲಿ ಸಿಕ್ಕರೆ ಅವರೆಕಾಳು ಹಿಸುಕುವುದು. ಕಣ್ಣು ಎಳೆದಾಗ ವಾಪಸ್ ಹೋಗಿ. ರಾತ್ರಿಗೆ ನಾಲ್ಕು ಸಲ ಏಳಬೇಕಾದರೂ ಏಳಿ. ಸೋಫಾದಲ್ಲಿ ಮಾತ್ರ ಮಲಗಿಬಿಡಬೇಡಿ.

ಎಲ್ಲಿ ತಪ್ಪುತ್ತದೆ ಎಂದರೆ ಮೂರನೇ ನಾಲ್ಕನೇ ದಿನಕ್ಕೆ. ಹಗಲಿನ ತೂಕಡಿಕೆ ಆಗ ಮೊದಲಿಗಿಂತ ಹೆಚ್ಚಿರುತ್ತದೆ, ‘ಇದು ನಮಗಾಗದು’ ಎಂದು ಬಿಟ್ಟವರೇ ಜಾಸ್ತಿ. ಆ ತೂಕಡಿಕೆಯೇ ಚಿಕಿತ್ಸೆ ಕೆಲಸ ಮಾಡುತ್ತಿರುವ ಲಕ್ಷಣ, ಎರಡನೇ ವಾರ ದಾಟಿದರೆ ನಿದ್ದೆ ಒಂದೇ ತುಂಡಾಗಿ ಬರತೊಡಗುತ್ತದೆ. ಆ ದಿನಗಳಲ್ಲಿ ಸ್ಕೂಟಿ ಬಿಟ್ಟು ಬಸ್ಸಿನಲ್ಲಿ ಓಡಾಡಿ. ಮೂರ್ಛೆ ರೋಗ ಇರುವವರು, ಬೈಪೋಲಾರ್ ಕಾಯಿಲೆಯವರು, ನಿದ್ದೆಯಲ್ಲಿ ನಡೆಯುವವರು, ಗರ್ಭಿಣಿಯರು, ಲಾರಿ-ಬಸ್ ಓಡಿಸುವವರು ಈ ಸಮಯ ಇಳಿಸುವ ಕ್ರಮವನ್ನು ತಾವಾಗಿ ಮಾಡಬಾರದು.

ಸಂಜೆಯ ಹೆದರಿಕೆಗೆ ಬೇರೆ ಉಪಾಯವಿದೆ. 6.30ಕ್ಕೆ 15 ನಿಮಿಷ ಕೂತು ಹಾಳೆಯ ಎಡಗಡೆ ಚಿಂತೆಗಳನ್ನೂ ಬಲಗಡೆ ಅದರಲ್ಲಿ ನಾಳೆ ಮಾಡಬಹುದಾದ ಒಂದೊಂದು ಸಣ್ಣ ಕೆಲಸವನ್ನೂ ಬರೆಯಿರಿ. ರಾತ್ರಿ ಅದೇ ಚಿಂತೆ ಎದ್ದಾಗ ‘ನೀನು ಹಾಳೆ ಮೇಲಿದ್ದೀಯ, ನಾಳೆ ಸಂಜೆ ನೋಡೋಣ’ ಎಂದು ಹೇಳಿಕೊಳ್ಳಬಹುದು. ಹಾಲು ಕುಡಿಯಿರಿ, ತೊಂದರೆಯಿಲ್ಲ. ಜಾಯಿಕಾಯಿ ಚಿಟಿಕೆ ದಾಟಬಾರದು. ಚಮಚಗಟ್ಟಲೆ ತಿಂದರೆ ಎದೆ ಬಡಿತ, ಗಲಿಬಿಲಿ, ಭ್ರಮೆ ತರುವ ವಿಷ ಅದು.

ಒಬ್ಬರೇ ಮಾಡಲು ಕಷ್ಟವಾದರೆ ಕ್ಲಿನಿಕಲ್ ಸೈಕಾಲಜಿಸ್ಟ್ ನೆರವು ಪಡೆಯಿರಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರು ಮಾಡಿದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಇಡೀ ದೇಶದಲ್ಲಿ ಇದರ ಮೇಲ್ವಿಚಾರಣೆ ನಮ್ಮ ನಿಮ್ಹಾನ್ಸ್‌ನದೇ. ನಸುಕಿಗೆ ಎಚ್ಚರವಾಗಿ ಯಾವುದರಲ್ಲೂ ಆಸಕ್ತಿಯಿಲ್ಲದೆ ಮನಸ್ಸು ಕುಸಿಯುತ್ತಿದ್ದರೆ, ಬದುಕೇ ಬೇಡ ಅನ್ನಿಸುತ್ತಿದ್ದರೆ ಎರಡು ವಾರ ಡೈರಿ ಬರೆಯುತ್ತಾ ಕೂರಬೇಡಿ, ಇಂದೇ ಕರೆ ಮಾಡಿ. ಅದು ಖಿನ್ನತೆ ಇರಬಹುದು, ಅದರ ಚಿಕಿತ್ಸೆ ಬೇರೆ.

ಪ್ರಶ್ನೆ: ಎಲೆಕ್ಟ್ರಾನಿಕ್ ಸಿಟಿಯಲ್ಲಿ ಅಮೆರಿಕದ ಗ್ರಾಹಕರ ಸಪೋರ್ಟ್ ಕೆಲಸ. ವಯಸ್ಸು 27. ರಾತ್ರಿ 8.30ರಿಂದ ಬೆಳಿಗ್ಗೆ 5.30. ಕ್ಯಾಬ್‌ನಲ್ಲಿ ಮನೆ ತಲುಪುವಾಗ 7. ತಿಂಡಿ ತಿಂದು 8ಕ್ಕೆ ಮಲಗಿದರೆ ಕುಕ್ಕರ್ ಸೀಟಿ, ಕಾಲಿಂಗ್ ಬೆಲ್, ‘ಊಟಕ್ಕೆ ಏಳೋ’ ಅನ್ನೋ ಅಮ್ಮ. 12ಕ್ಕೆಲ್ಲ ಎಚ್ಚರ. ಶನಿವಾರ, ಭಾನುವಾರ ಎಲ್ಲರಂತೆ ರಾತ್ರಿ ಮಲಗುತ್ತೇನೆ. ಒಂದೂವರೆ ವರ್ಷದಲ್ಲಿ 9 ಕೆಜಿ ಹೆಚ್ಚಾಗಿದೆ, ಎದೆಯುರಿ ಬೇರೆ. ಸದ್ಯಕ್ಕೆ ಕೆಲಸ ಬಿಡೋ ಹಾಗಿಲ್ಲ. (ಬೆಂಗಳೂರು)

ಉತ್ತರ: ಕೆಲಸ ಬಿಡದೆಯೇ ಮಾಡಬಹುದಾದದ್ದು ಬಹಳಷ್ಟಿದೆ, ಸಾಲಾಗಿ ಹೇಳುತ್ತೇವೆ.

ಮೈಯೊಳಗಿನ ಗಡಿಯಾರಕ್ಕೆ ಕೀಲಿ ಕೊಡುವುದು ಕಣ್ಣಿಗೆ ಬೀಳುವ ಬೆಳಕು. ನಮ್ಮ ದೇಶದಲ್ಲಿ ಈ ವಿಜ್ಞಾನವನ್ನು ಕಟ್ಟಿದವರು ಪ್ರೊ. ಎಂ.ಕೆ. ಚಂದ್ರಶೇಖರನ್. ಮಧುರೈನಲ್ಲಿ, ಆಮೇಲೆ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡಿದರು. ಸೂರ್ಯ, ಗಡಿಯಾರ ಎರಡೂ ಕಾಣದ ಕೋಣೆಯಲ್ಲಿ ಮನುಷ್ಯರನ್ನು ದಿನಗಟ್ಟಲೆ ಇಟ್ಟರೂ ಅವರು ಸರಿಸುಮಾರು ದಿನಕ್ಕೊಂದು ಸುತ್ತಿನಂತೆ ಮಲಗಿ ಏಳುತ್ತಲೇ ಇರುತ್ತಾರೆ ಎಂಬುದು ಇಂಥ ಪ್ರಯೋಗಗಳಿಂದ ತಿಳಿದ ಸಂಗತಿ. ಈ ಒಳಗಡಿಯಾರ ದಿನಕ್ಕೆ ಸುಮಾರು ಒಂದು ಗಂಟೆಗಿಂತ ಹೆಚ್ಚು ಸರಿಯುವುದಿಲ್ಲ. ನೀವು ಐದು ದಿನ ಅದನ್ನು ಎಳೆದು ತಂದು, ಶನಿವಾರ ಹಿಂದಕ್ಕೆ ನೂಕುತ್ತೀರಿ. ಪಾಪ, ಅದು ಎತ್ತಲೂ ನಿಲ್ಲುವುದಿಲ್ಲ.

ಹಾಗಾಗಿ ಪೂರ್ತಿ ಇತ್ತ ಬೇಡ, ಪೂರ್ತಿ ಅತ್ತಲೂ ಬೇಡ. ಕೆಲಸದ ದಿನ ಬೆಳಿಗ್ಗೆ 8ರಿಂದ ಮಧ್ಯಾಹ್ನ 2ರವರೆಗೆ ಮಲಗಿ. ರಜೆಯ ದಿನ ರಾತ್ರಿ 10ಕ್ಕೆ ಮಲಗದೆ, ನಸುಕಿನ 3ರಿಂದ 12ರವರೆಗೆ ಮಲಗಿ. ಆಗ ವಾರದ ಏಳೂ ದಿನ ಬೆಳಿಗ್ಗೆ 8ರಿಂದ 12ರ ನಾಲ್ಕು ಗಂಟೆ ನಿದ್ದೆಯಲ್ಲೇ ಕಳೆಯುತ್ತದೆ. ಗಡಿಯಾರಕ್ಕೆ ಅದೇ ಲಂಗರು. ರಜೆಯ ಮಧ್ಯಾಹ್ನ, ಸಂಜೆ ಎರಡೂ ಮನೆಯವರ ಜೊತೆ ಕಳೆಯಲು ಸಿಗುತ್ತದೆ.

ಕ್ಯಾಬ್ ಹತ್ತುವಾಗಲೇ ಕಪ್ಪು ಕನ್ನಡಕ ಹಾಕಿಕೊಳ್ಳಿ, ಬೆಳಗಿನ ಬಿಸಿಲು ಕಣ್ಣಿಗೆ ಬಿದ್ದರೆ ಗಡಿಯಾರ ‘ಬೆಳಗಾಯಿತು’ ಎನ್ನುತ್ತದೆ. ಇದು ಕ್ಯಾಬ್‌ನಲ್ಲಿ ಹೋಗುವವರಿಗೆ ಮಾತ್ರ. ನೈಟ್ ಶಿಫ್ಟ್ ಮುಗಿಸಿ ಬೈಕ್ ಓಡಿಸುವವರು ಕನ್ನಡಕವಷ್ಟೇ ಅಲ್ಲ, ಸಾಧ್ಯವಾದರೆ ಬೈಕನ್ನೇ ಬಿಡಬೇಕು. ಮೈ ಬಿಸಿ ಅತ್ಯಂತ ಇಳಿದಿರುವುದು, ತೂಕಡಿಕೆ ಒತ್ತರಿಸಿ ಬರುವುದು ನಸುಕಿನ 4-5 ಗಂಟೆಯ ಆಸುಪಾಸಿನಲ್ಲಿ. ಅದರ ಬೆನ್ನಿಗೇ ನೀವು ರಸ್ತೆಗಿಳಿಯುತ್ತೀರಿ. ಕೋಣೆಯ ಕಿಟಕಿಗೆ ದಪ್ಪ ಪರದೆ, ಅದರ ಹಿಂದೆ ಗಾಜಿಗೆ ಕಪ್ಪು ಚಾರ್ಟ್ ಪೇಪರ್ ಅಂಟಿಸಿ. ಅಂಗೈ ಕಾಣಬಾರದು, ಅಷ್ಟು ಕತ್ತಲೆ ಬೇಕು. ಮೆಡಿಕಲ್ ಶಾಪಿನಲ್ಲಿ ಸಿಗುವ ಸ್ಪಂಜಿನ ಇಯರ್‌ಪ್ಲಗ್ ಹಾಕಿ, ಫ್ಯಾನಿನ ಒಂದೇ ಸಮನೆಯ ಸದ್ದು ಉಳಿದ ಸದ್ದುಗಳನ್ನು ಮುಚ್ಚುತ್ತದೆ. ಅಮ್ಮನಿಗೆ ಪ್ರೀತಿಯಿಂದ ಕೂರಿಸಿ ಹೇಳಿ: ‘ಮಧ್ಯಾಹ್ನ 2ರ ತನಕ ನನಗೆ ನಡುರಾತ್ರಿ.’ ರಾತ್ರಿ 1 ಗಂಟೆಗೆ ಯಾರೂ ಯಾರನ್ನೂ ಊಟಕ್ಕೆ ಎಬ್ಬಿಸುವುದಿಲ್ಲವಲ್ಲ. ಕುಕ್ಕರ್ ಬೆಳಿಗ್ಗೆ 8ರ ಒಳಗೆ ಆಗಿಬಿಟ್ಟರೆ ಅರ್ಧ ಜಗಳ ಮುಗಿಯಿತು.

ಆರು ಗಂಟೆ ಸಾಲದು. ಉಳಿದದ್ದನ್ನು ಸಂಜೆ 5ರಿಂದ 6.30ರ ನಿದ್ದೆಯಲ್ಲಿ ತುಂಬಿಕೊಳ್ಳಿ. ಇದು ರಾತ್ರಿಯಿಡೀ ಕಾಯುತ್ತದೆ. ವಿರಾಮದಲ್ಲಿ ಮಲಗುವುದಾದರೆ 20 ನಿಮಿಷಕ್ಕೆ ಅಲಾರಾಂ ಇಡಿ. ಹೆಚ್ಚಾದರೆ ಗಾಢ ನಿದ್ದೆಗಿಳಿದು, ಎದ್ದ ಮೇಲೆ ಅರ್ಧ ಗಂಟೆ ತಲೆ ಮಂಕಾಗಿರುತ್ತದೆ. ಎದ್ದ ತಕ್ಷಣ ಕಾಲ್ ತೆಗೆದುಕೊಳ್ಳಬೇಡಿ. ಕಾಫಿ ಶಿಫ್ಟಿನ ಮೊದಲರ್ಧದಲ್ಲಿ ಕುಡಿಯಿರಿ, 1 ಗಂಟೆ ದಾಟಿದ ಮೇಲೆ ಬೇಡ.

ತೂಕ, ಎದೆಯುರಿ ಎರಡಕ್ಕೂ ಹೊತ್ತಲ್ಲದ ಹೊತ್ತಿನ ಊಟ ಕಾರಣ. ನಡುರಾತ್ರಿ ಸಕ್ಕರೆಯನ್ನು ಸಂಭಾಳಿಸುವ ಶಕ್ತಿ ದೇಹಕ್ಕೆ ಹಗಲಿಗಿಂತ ಕಡಿಮೆ, ತಿಂದದ್ದು ರಕ್ತದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಮುಖ್ಯ ಊಟವನ್ನು ಸಂಜೆ 7ಕ್ಕೆ, ಹೊರಡುವ ಮುಂಚೆ ಮನೆಯಲ್ಲೇ ಮುಗಿಸಿ. ನಡುರಾತ್ರಿಗೆ ಕಡಲೆಕಾಳಿನ ಉಸಲಿ, ಬೇಯಿಸಿದ ಮೊಟ್ಟೆ, ಮಜ್ಜಿಗೆ, ಹಣ್ಣು ಸಾಕು. 2 ಗಂಟೆಯ ಬಿರಿಯಾನಿ, ಬನ್ನು, ಚಿಪ್ಸು ಬಿಡಿ. ಬೆಳಿಗ್ಗೆ ಮಲಗುವ ಮುಂಚೆ ಎರಡು ಇಡ್ಲಿಯಷ್ಟು ಮಾತ್ರ, ಅದೂ ಮನೆ ತಲುಪಿದ ತಕ್ಷಣ. ಹೊಟ್ಟೆ ಬಿರಿಯ ಪೂರಿ ಸಾಗು ತಿಂದು ಅಡ್ಡಾದರೆ ಆಸಿಡ್ ಗಂಟಲಿಗೆ ಬರುವುದು ಸಹಜ. ಆಗಲೂ ಉರಿದರೆ ಎಡಮಗ್ಗುಲಿಗೆ ಮಲಗಿ, ಮಂಚದ ತಲೆಭಾಗದ ಕಾಲುಗಳ ಕೆಳಗೆ 15 ಸೆಂ.ಮೀ. ಎತ್ತರದ ಮರದ ತುಂಡು ಇಡಿ. ದಿಂಬು ಪೇರಿಸಿದರೆ ಹೊಟ್ಟೆ ಮಡಿಚಿಕೊಂಡು ಒತ್ತಡ ಇನ್ನೂ ಹೆಚ್ಚುತ್ತದೆ. ವರ್ಷಕ್ಕೊಮ್ಮೆ ಬಿಪಿ, ಸಕ್ಕರೆ, ಸೊಂಟದ ಸುತ್ತಳತೆ ಅಳೆಸಿ ಬರೆದಿಡಿ.

ಪ್ರಶ್ನೆ: ನಮ್ಮಮ್ಮನಿಗೆ 68. ಅಪ್ಪ ತೀರಿಕೊಂಡಾಗ ಡಾಕ್ಟರು ನಿದ್ದೆಗೆಂದು ಆಲ್‌ಪ್ರಜೋಲಾಂ 0.5 ಕೊಟ್ಟಿದ್ದರು. ಆರು ವರ್ಷದಿಂದ ಅದೇ ಹಳೆ ಚೀಟಿಯಲ್ಲಿ ತರಿಸಿಕೊಳ್ಳುತ್ತಿದ್ದಾರೆ. ಈಚೆಗೆ ಮರೆವು ಜಾಸ್ತಿ, ಹೋದ ತಿಂಗಳು ರಾತ್ರಿ ಬಚ್ಚಲಲ್ಲಿ ಬಿದ್ದರು. ನಾಳೆಯಿಂದಲೇ ನಿಲ್ಲಿಸಿಬಿಡಲಾ? (ಮೈಸೂರು)

ಉತ್ತರ: ದಯವಿಟ್ಟು ಒಮ್ಮೆಲೇ ನಿಲ್ಲಿಸಬೇಡಿ. ಆರು ವರ್ಷ ಈ ಮಾತ್ರೆಗೆ ಒಗ್ಗಿದ ಮಿದುಳು ಅದು ತಪ್ಪಿದ ಒಂದೆರಡು ದಿನದಲ್ಲೇ ಕೆರಳುತ್ತದೆ. ಕೈನಡುಕ, ಬೆವರು, ವಿಪರೀತ ಕಳವಳ, ಒಂದು ಗಳಿಗೆಯೂ ನಿದ್ದೆ ಇಲ್ಲದ ರಾತ್ರಿಗಳು, ಕೆಲವರಲ್ಲಿ ಫಿಟ್ಸ್ ಕೂಡ. ಹಾಗೆಂದು ಮುಂದುವರಿಸುವುದೂ ಸರಿಯಲ್ಲ. ವಯಸ್ಸಾದವರಲ್ಲಿ ಈ ಗುಂಪಿನ ಮಾತ್ರೆಗಳು ಕಾಲಿನ ಹಿಡಿತ ತಪ್ಪಿಸುತ್ತವೆ, ನೆನಪು ಮಂಕಾಗಿಸುತ್ತವೆ. ಸೊಂಟದ ಮೂಳೆ ಮುರಿತಕ್ಕೆ ಬಚ್ಚಲಲ್ಲಿ ಬೀಳುವ ಒಂದು ರಾತ್ರಿ ಸಾಕು.

ಇಳಿಸಬೇಕು, ನಿಧಾನವಾಗಿ, ವೈದ್ಯರ ಕಣ್ಗಾವಲಿನಲ್ಲಿ. ಈ ಔಷಧ 0.25ರ ಮಾತ್ರೆಯಲ್ಲೂ ಸಿಗುತ್ತದೆ. ಸಾಮಾನ್ಯವಾಗಿ 0.5ರಿಂದ 0.375ಕ್ಕೆ, ಅಂದರೆ 0.25ರ ಒಂದೂವರೆ ಮಾತ್ರೆಗೆ ಇಳಿಸಿ ಎರಡರಿಂದ ನಾಲ್ಕು ವಾರ ನಿಲ್ಲುತ್ತಾರೆ. ಆಮೇಲೆ 0.25, ಕೊನೆಗೆ ಅದರ ಅರ್ಧ. ಕೊನೆಯ ಮೆಟ್ಟಿಲುಗಳೇ ಹೆಚ್ಚು ಕಷ್ಟ, ಅಲ್ಲಿ ಅವಸರ ಬೇಡ. ಪ್ರತಿ ಸಲ ಇಳಿಸಿದಾಗಲೂ ಮೂರ್ನಾಲ್ಕು ರಾತ್ರಿ ನಿದ್ದೆ ಕೆಡಬಹುದು. ಆಗ ಮೇಲಕ್ಕೆ ಹತ್ತದೆ ಅಲ್ಲೇ ನಿಂತರೆ ತಾನಾಗಿ ತಣಿಯುತ್ತದೆ. ಕೆಲವರಿಗೆ ವೈದ್ಯರು ಇದನ್ನು ನಿಧಾನಕ್ಕೆ ಇಳಿಯುವ ಬೇರೆ ಮಾತ್ರೆಗೆ ಬದಲಿಸಿ ಕಡಿಮೆ ಮಾಡುತ್ತಾರೆ. ಒಟ್ಟು ಮೂರರಿಂದ ಆರು ತಿಂಗಳು ಹಿಡಿದರೂ ಅದು ಸೋಲಲ್ಲ. ನಿದ್ದೆಗೆ ಬದಲಿಯಾಗಿ ಶೀತ, ತುರಿಕೆಗೆ ಕೊಡುವ ತೂಕಡಿಕೆಯ ಮಾತ್ರೆ ಅಥವಾ ಕೆಮ್ಮಿನ ಸಿರಪ್ ಕೊಡಬೇಡಿ. ಈ ವಯಸ್ಸಿನಲ್ಲಿ ಅವು ಮೂತ್ರ ಕಟ್ಟಿಸುತ್ತವೆ, ಮಲಬದ್ಧತೆ ತರುತ್ತವೆ, ದಿಕ್ಕು ತಪ್ಪಿಸುತ್ತವೆ.

ಇಷ್ಟರಲ್ಲಿ ಇವತ್ತೇ ಆಗಬೇಕಾದ ಕೆಲಸ: ಹಾಸಿಗೆಯಿಂದ ಬಚ್ಚಲಿನವರೆಗೆ ಸಣ್ಣ ರಾತ್ರಿದೀಪ, ಗೋಡೆಗೆ ಹಿಡಿಕೆ, ದಾರಿಯಲ್ಲಿ ಜಾರುವ ಕಾಲೊರಸು ಇದ್ದರೆ ತೆಗೆದುಹಾಕುವುದು. ಎದ್ದ ಮೇಲೆ ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂತೇ ನಿಲ್ಲಲಿ.

ಇನ್ನೊಂದು ಮಾತು ಅಂಗಡಿಯವರಿಗೂ ಸೇರಿ. 2014ರ ಮಾರ್ಚ್‌ನಿಂದ ಈ ಔಷಧ ಎಚ್1 ಪಟ್ಟಿಯಲ್ಲಿದೆ. ಬರೆದುಕೊಟ್ಟ ವೈದ್ಯರು, ರೋಗಿ, ಕೊಟ್ಟ ಪ್ರಮಾಣ ಎಲ್ಲವನ್ನೂ ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು. ಆರು ವರ್ಷದ ಹಿಂದಿನ ಚೀಟಿಗೆ ಕೊಡುತ್ತಾ ಬಂದದ್ದು ಉಪಕಾರವಲ್ಲ.

ಪ್ರಶ್ನೆ: ನಮ್ಮ ಯಜಮಾನ್ರಿಗೆ 46 ವರ್ಷ. ಗೊರಕೆ ಹೊಡೆದರೆ ಬಾಜೂ ಖೋಲಿಗೂ ಕೇಳತೈತಿ. ನಡುವೆ ಒಮ್ಮಿಗ್ಲೇ ಉಸಿರು ನಿಂತು, ಗಕ್ಕನೆ ಎಳಕೊಂಡು ಮತ್ತ ಶುರು. ಎರಡು ಮಾತ್ರೆ ತಗೊಂಡರೂ ಬಿಪಿ 150/96. ಧಾರವಾಡಕ್ಕ ಕಾರ್ ಹೊಡೀವಾಗ ಸಿಗ್ನಲ್‌ನ್ಯಾಗ ತೂಕಡಿಸ್ತಾರ. ಕೇಳಿದ್ರ ‘ಗೊರಕಿ ಅಂದ್ರ ಗಾಢ ನಿದ್ದಿ’ ಅಂತಾರ. (ಹುಬ್ಬಳ್ಳಿ)

ಉತ್ತರ: ಅವರ ನಿದ್ದೆ ಗಾಢವಾಗುವುದಿರಲಿ, ಒಂದು ಕಡೆ ನಿಲ್ಲುತ್ತಲೂ ಇಲ್ಲ. ಮಲಗಿದಾಗ ಗಂಟಲಿನ ಸ್ನಾಯು ಸಡಿಲವಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಹತ್ತು ಸೆಕೆಂಡು, ಕೆಲವೊಮ್ಮೆ ಅರ್ಧ ನಿಮಿಷ ಗಾಳಿ ಇಲ್ಲ. ರಕ್ತದಲ್ಲಿ ಆಮ್ಲಜನಕ ಇಳಿದಾಗ ಮಿದುಳು ಗಾಬರಿಯಿಂದ ತಟ್ಟಿ ಎಬ್ಬಿಸುತ್ತದೆ. ನೀವು ಕೇಳುವ ‘ಗಕ್’ ಅದೇ. ಅವರಿಗೆ ನೆನಪಿರದ ಈ ಎಚ್ಚರ ಗಂಟೆಗೆ ಮೂವತ್ತು ನಲವತ್ತು ಸಲ ಆಗಬಹುದು. ಪ್ರತಿ ಸಲವೂ ಬಿಪಿ ಜಿಗಿಯುತ್ತದೆ. ಮಾತ್ರೆಗೆ ಬಗ್ಗದ ಬಿಪಿಯ ಹಿಂದೆ ಇದು ಇರುವುದು ಬಹಳ ಸಾಮಾನ್ಯ. ಬೆಳಿಗ್ಗೆ ತಲೆನೋವು, ಒಣಗಿದ ಬಾಯಿ, ರಾತ್ರಿ ಎರಡು ಮೂರು ಸಲ ಮೂತ್ರಕ್ಕೆ ಏಳುವುದು, ಸಣ್ಣದಕ್ಕೂ ಸಿಡಿಯುವುದು ಇದೆಯೇ ನೋಡಿ. ಹೆಸರು ಸ್ಲೀಪ್ ಆಪ್ನಿಯಾ. ದಪ್ಪ ಇರುವವರಿಗೆ ಮಾತ್ರ ಬರುತ್ತದೆ ಎಂದುಕೊಳ್ಳಬೇಡಿ. ಗದ್ದ ಚಿಕ್ಕದಿರುವ, ಕತ್ತು ದಪ್ಪಗಿರುವ ನಮ್ಮ ಜನರಲ್ಲಿ ಸಾಧಾರಣ ತೂಕದವರಿಗೂ ಬರುತ್ತದೆ. ಅಂಗಿಯ ಕಾಲರ್ 40 ಸೆಂ.ಮೀ. ದಾಟಿದ್ದರೆ ಅನುಮಾನ ಹೆಚ್ಚು.

ಇವತ್ತು ರಾತ್ರಿ ಮೊಬೈಲ್‌ನಲ್ಲಿ ಎರಡು ನಿಮಿಷ ವಿಡಿಯೊ ಮಾಡಿ, ಉಸಿರು ನಿಂತು ಮತ್ತೆ ಶುರುವಾಗುವುದು ಅದರಲ್ಲಿ ಬರಲಿ. ಅವರನ್ನು ಒಪ್ಪಿಸಲೂ ಡಾಕ್ಟರಿಗೆ ತೋರಿಸಲೂ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಶ್ವಾಸಕೋಶದ ವೈದ್ಯರು ಅಥವಾ ಇಎನ್‌ಟಿ ವೈದ್ಯರು ಒಂದು ರಾತ್ರಿಯ ನಿದ್ರಾ ಪರೀಕ್ಷೆ ಮಾಡಿಸುತ್ತಾರೆ. ಮೂಗು, ಎದೆ, ಬೆರಳಿಗೆ ಸೆನ್ಸರ್ ಕಟ್ಟಿಕೊಂಡು ಮನೆಯಲ್ಲೇ ಮಾಡುವ ಬಗೆಯೂ ಇದೆ. ವರದಿಯಲ್ಲಿ ಎಎಚ್ಐ ಎಂಬ ಸಂಖ್ಯೆ ನೋಡಿ, ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಅಥವಾ ಕುಗ್ಗಿತು ಎಂಬ ಲೆಕ್ಕ ಅದು: ಗಂಟೆಗೆ 5ರಿಂದ 15 ಅಂದರೆ ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ.

ಮಧ್ಯಮ, ತೀವ್ರ ಹಂತಕ್ಕೆ ಸಿಪ್ಯಾಪ್ ಯಂತ್ರ. ಮಾಸ್ಕ್ ಮೂಲಕ ಹದವಾದ ಒತ್ತಡದಲ್ಲಿ ಗಾಳಿ ಊದಿ ಗಂಟಲಿನ ದಾರಿ ಮುಚ್ಚದಂತೆ ಹಿಡಿಯುತ್ತದೆ. ಎಷ್ಟೋ ಮನೆಗಳಲ್ಲಿ ಇದು ಒಂದೇ ವಾರಕ್ಕೆ ಕಪಾಟು ಸೇರುತ್ತದೆ, ಕಾರಣ ಹೆಚ್ಚಾಗಿ ಅಳತೆ ಸರಿಯಿಲ್ಲದ ಮಾಸ್ಕ್. ಪಟ್ಟಿ ಬಿಗಿದಷ್ಟೂ ಸೋರಿಕೆ ನಿಲ್ಲದು, ಅಳತೆಯನ್ನೇ ಬದಲಿಸಿಕೊಳ್ಳಿ. ಮೂಗು ಒಣಗಿದರೆ ಹ್ಯುಮಿಡಿಫೈಯರ್ ತಟ್ಟೆಗೆ ಡಿಸ್ಟಿಲ್ಡ್ ನೀರು ಹಾಕಿ. ಮೊದಲ ವಾರ ಸಂಜೆ ಟಿವಿ ನೋಡುವಾಗ ಒಂದು ಗಂಟೆ ಹಾಕಿಕೊಂಡು ರೂಢಿ ಮಾಡಲಿ, ಮಾಸ್ಕನ್ನು ದಿನಾ ಸೌಮ್ಯ ಸೋಪಿನಲ್ಲಿ ತೊಳೆಯಲಿ. ರಾತ್ರಿಗೆ ನಾಲ್ಕು ಗಂಟೆಯಾದರೂ ಬಳಸದಿದ್ದರೆ ಲಾಭ ಕಾಣದು. ಜೊತೆಗೆ ತೂಕದಲ್ಲಿ ಹತ್ತನೇ ಒಂದು ಪಾಲು ಇಳಿದರೂ ಎಎಚ್ಐ ಗಮನಾರ್ಹವಾಗಿ ಇಳಿಯುತ್ತದೆ. ಅಂಗಾತ ಮಲಗಿದಾಗಲೇ ಜಾಸ್ತಿಯಾಗುವವರು ಬನಿಯನ್ ಬೆನ್ನಿಗೆ ಟೆನಿಸ್ ಚೆಂಡಿನ ಜೇಬು ಹೊಲಿಸಿಕೊಂಡರೆ ಮಗ್ಗುಲಲ್ಲೇ ಉಳಿಯುತ್ತಾರೆ. ಮದ್ಯ ಮತ್ತು ನಿದ್ದೆ ಮಾತ್ರೆ ಗಂಟಲನ್ನು ಇನ್ನಷ್ಟು ಸಡಿಲಿಸುತ್ತವೆ, ಎರಡೂ ನಿಷಿದ್ಧ. ಚಿಕಿತ್ಸೆ ಹಿಡಿತಕ್ಕೆ ಬರುವ ತನಕ ಕಾರಿನ ಕೀಲಿ ನೀವೇ ಇಟ್ಟುಕೊಳ್ಳಿ, ಅಕ್ಕಾ. ಕೋಪ ಬಂದರೆ ಬರಲಿ.

ಪ್ರಶ್ನೆ: ಎರಡನೇ ಮಗುವಿಗೆ ಐದು ತಿಂಗಳು. ರಾತ್ರಿ ಮಲಗಿದ ಕೂಡಲೇ ಮೀನಖಂಡದ ಒಳಗೆ ಇರುವೆ ಹರಿದ ಹಾಗೆ. ಕಾಲು ಆಡಿಸಿದರೆ, ಎದ್ದು ಓಡಾಡಿದರೆ ಕಡಿಮೆ, ಮಲಗಿದರೆ ಮತ್ತೆ ಅದೇ. ಹಿಮೋಗ್ಲೋಬಿನ್ 11.8, ಏನೂ ತೊಂದರೆ ಇಲ್ಲ ಅಂದರು. (ಶಿವಮೊಗ್ಗ)

ಉತ್ತರ: ನಾಲ್ಕೂ ಗುರುತು ಬರೆದಿದ್ದೀರಿ: ಆಡಿಸಬೇಕೆಂಬ ಒತ್ತಾಯ, ಸುಮ್ಮನಿದ್ದಾಗ ಹೆಚ್ಚು, ಆಡಿಸಿದರೆ ಕಡಿಮೆ, ರಾತ್ರಿಯೇ ಜೋರು. ಇದು ರೆಸ್ಟ್‌ಲೆಸ್ ಲೆಗ್ಸ್. ಇದರ ಒಂದು ಸಾಮಾನ್ಯ ಮೂಲ ಕಬ್ಬಿಣದ ಕೊರತೆ. ಹಿಮೋಗ್ಲೋಬಿನ್ ಸರಿಸುಮಾರಿದ್ದರೂ ದಾಸ್ತಾನು ಖಾಲಿಯಾಗಿರಬಹುದು, ಅದನ್ನು ತೋರಿಸುವುದು ಫೆರಿಟಿನ್ ಪರೀಕ್ಷೆ. ಲ್ಯಾಬ್ ಚೀಟಿಯಲ್ಲಿ 15 ದಾಟಿದರೆ ‘ನಾರ್ಮಲ್’ ಎಂದಿರುತ್ತದೆ. ಈ ತೊಂದರೆ ಇರುವವರಿಗೆ 75ರವರೆಗೂ ಕಬ್ಬಿಣ ಕೊಡುವ ಪದ್ಧತಿ ಇದೆ, ವೈದ್ಯರಿಗೆ ಇದನ್ನು ನೆನಪಿಸಿ.

ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗಿದರೂ ಸಾಕು, ಹೀರಿಕೆ ಇನ್ನೂ ಚೆನ್ನ, ಹೊಟ್ಟೆಗೂ ಹಿತ. ಖಾಲಿ ಹೊಟ್ಟೆಯಲ್ಲಿ ನಿಂಬೆ ಪಾನಕದ ಜೊತೆ ತೆಗೆದುಕೊಳ್ಳಿ. ಕಾಫಿ, ಟೀ, ಹಾಲು, ಬಾಣಂತಿಯ ಕ್ಯಾಲ್ಸಿಯಂ ಮಾತ್ರೆ ಇವುಗಳಿಗೂ ಅದಕ್ಕೂ ಎರಡು ಗಂಟೆ ಅಂತರವಿರಲಿ. ಎರಡೂ ಮಾತ್ರೆ ಒಟ್ಟಿಗೆ ನುಂಗುವುದು ನಮ್ಮ ಮನೆಗಳ ಸಾಮಾನ್ಯ ತಪ್ಪು, ಕ್ಯಾಲ್ಸಿಯಂ ಕಬ್ಬಿಣದ ದಾರಿ ಕಟ್ಟುತ್ತದೆ. ಮಲ ಕಪ್ಪಾದರೆ ಹೆದರಬೇಡಿ. ಮೂರು ತಿಂಗಳಿಗೆ ಫೆರಿಟಿನ್ ಮತ್ತೆ ನೋಡಿಸಿ. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ಶೀತದ ತೂಕಡಿಕೆ ಮಾತ್ರೆಗಳು ಇದನ್ನು ಕೆರಳಿಸುತ್ತವೆ. ಮಲಗುವ ಮುಂಚೆ ಗೋಡೆಗೆ ಕೈಯೂರಿ ಮೀನಖಂಡ ಹಿಗ್ಗಿಸಿ, ಮೊಣಕಾಲವರೆಗೆ ಬಿಸಿನೀರು ಹುಯ್ದುಕೊಳ್ಳಿ.

ಪ್ರಶ್ನೆ: ದಿನಕ್ಕೆ ಐದು ಲೋಟ ಫಿಲ್ಟರ್ ಕಾಫಿ, ಕೊನೆಯದು ರಾತ್ರಿ 7.30ಕ್ಕೆ. ಮಲಗಿದರೆ ನಿದ್ದೆ ಬರುತ್ತೆ, ಆದರೆ ಬೆಳಿಗ್ಗೆ ಮೈಗೆ ಚೈತನ್ಯ ಇರಲ್ಲ. (ಚಿಕ್ಕಮಗಳೂರು)

ಉತ್ತರ: ಕೆಫೀನ್‌ನ ಅರ್ಧ ಪಾಲು ಮೈಯಿಂದ ಇಳಿಯಲು ಸುಮಾರು ಐದು ಗಂಟೆ ಬೇಕು. 7.30ರ ಲೋಟದ ಅರ್ಧ 12.30ಕ್ಕೂ ನಿಮ್ಮ ರಕ್ತದಲ್ಲಿದೆ. ನಿದ್ದೆ ಹತ್ತಿದರೂ ಆಳಕ್ಕೆ ಇಳಿಯಲು ಅದು ಬಿಡದು. ಕೊನೆಯ ಲೋಟ ಮಧ್ಯಾಹ್ನ 2ಕ್ಕೆ ಮುಗಿಯಲಿ. ಐದನ್ನೂ ಒಂದೇ ದಿನ ಬಿಟ್ಟರೆ ಮರುದಿನದಿಂದ ತಲೆನೋವು ಹಿಡಿಯುತ್ತದೆ, ಮೂರು ದಿನಕ್ಕೊಂದು ಲೋಟದಂತೆ ಇಳಿಸಿ. ಸಂಜೆ ಬೇಕೇಬೇಕು ಅನ್ನಿಸಿದರೆ ಎರಡನೇ ಡಿಕಾಕ್ಷನ್‌ನಲ್ಲಿ ಅರ್ಧ ಲೋಟ. ಚಿಕೋರಿಯಲ್ಲಿ ಕೆಫೀನ್ ಇಲ್ಲ, ನಿಮ್ಮ ಊರಿನವರಿಗೆ ಚಿಕೋರಿ ಬೆರೆಸಿ ಎಂದು ಹೇಳಲು ಮನಸ್ಸು ಬಾರದಾದರೂ ಸಂಜೆಯ ಲೋಟಕ್ಕೆ ಅದೂ ಒಂದು ದಾರಿ. ಸಿಗರೇಟು ಬಿಟ್ಟವರು ಗಮನಿಸಿ: ಹೊಗೆ ನಿಂತ ಮೇಲೆ ಕೆಫೀನ್ ನಿಧಾನಕ್ಕೆ ಇಳಿಯುತ್ತದೆ, ಅದೇ ಅಳತೆಯ ಕಾಫಿ ಹೆಚ್ಚು ಹೊತ್ತು ಕಾಡುತ್ತದೆ. ಗರ್ಭಿಣಿಯರಿಗೆ ದಿನಕ್ಕೆ 200 ಮಿ.ಗ್ರಾಂ. ಕೆಫೀನ್ ಮಿತಿ, ಸುಮಾರು ಎರಡು ಲೋಟ.

ಪ್ರಶ್ನೆ: ತಂದೆಗೆ 74. ದಿನಾ 3.30ಕ್ಕೆ ಎದ್ದು ‘ನಿದ್ದೆಯೇ ಇಲ್ಲ’ ಎಂದು ಕೊರಗುತ್ತಾರೆ. ಮಲಗುವುದು 8.30ಕ್ಕೆ. (ತುಮಕೂರು)

ಉತ್ತರ: ಲೆಕ್ಕ ಮಾಡಿ, ಏಳು ಗಂಟೆ ಆಯಿತು. ಅವರ ವಯಸ್ಸಿಗೆ ಅದು ತುಂಬಿದ ನಿದ್ದೆ, ಮಲಗಿ ಏಳುವ ಹೊತ್ತು ಮಾತ್ರ ಬೇಗನೆಯ ಕಡೆಗೆ ಸರಿದಿದೆ. ಸಂಜೆ 5ರಿಂದ 6ರವರೆಗೆ ಹೊರಗಿನ ಬೆಳಕಿನಲ್ಲಿ ನಡೆಸಿ, ಮಲಗುವುದನ್ನು ಮೂರು ದಿನಕ್ಕೆ 15 ನಿಮಿಷದಂತೆ 10ಕ್ಕೆ ತನ್ನಿ. ಮಧ್ಯಾಹ್ನದ ನಿದ್ದೆ ಅರ್ಧ ಗಂಟೆ, 3ರ ಒಳಗೆ. ಮೂತ್ರಕ್ಕೆ ಏಳುವುದು ಹೆಚ್ಚಿದ್ದರೆ, ಬಿಪಿಗೆಂದು ಮೂತ್ರ ಹೆಚ್ಚಿಸುವ ‘ನೀರಿನ ಮಾತ್ರೆ’ ಸಂಜೆ ತೆಗೆದುಕೊಳ್ಳುತ್ತಿದ್ದಾರೆಯೇ ನೋಡಿ, ವೈದ್ಯರನ್ನು ಕೇಳಿ ಬೆಳಿಗ್ಗೆಗೆ ಬದಲಿಸಿ. ಪಾದ ಊದುವವರು ಮಧ್ಯಾಹ್ನ ಒಂದು ಗಂಟೆ ಕಾಲು ಎತ್ತರಕ್ಕಿಟ್ಟು ಮಲಗಿದರೆ ಆ ನೀರು ರಾತ್ರಿಗೆ ಮೊದಲೇ ಇಳಿಯುತ್ತದೆ.

ಪ್ರಶ್ನೆ: ಮಗ ಎರಡನೇ ಪಿಯುಸಿ. ರಾತ್ರಿ 2ರವರೆಗೆ ಓದಿ, 5.30ಕ್ಕೆ ಎದ್ದು ಕೋಚಿಂಗ್‌ಗೆ ಹೋಗುತ್ತಾನೆ. ಓದಿದ್ದು ನೆನಪೇ ಉಳಿಯಲ್ಲ ಅಂತ ಅಳುತ್ತಾನೆ. (ಹಾಸನ)

ಉತ್ತರ: ಉಳಿಯುವುದಾದರೂ ಹೇಗೆ? ಹಗಲು ಓದಿದ್ದನ್ನು ಮಿದುಳು ಗಟ್ಟಿ ಮಾಡಿಡುವುದು ನಿದ್ದೆಯಲ್ಲಿ. 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ಬೇಕು, ಅವನಿಗೆ ಸಿಗುತ್ತಿರುವುದು ಮೂರೂವರೆ. ತಡವಾಗಿ ನಿದ್ದೆ ಬರುವುದು ಆ ವಯಸ್ಸಿನ ಮೈಯ ಸ್ವಭಾವ, ಸೋಮಾರಿತನವಲ್ಲ, ಹಾಗಾಗಿ ನಸುಕಿನ ಕೋಚಿಂಗ್ ಅವನಿಗೆ ದುಪ್ಪಟ್ಟು ಹೊರೆ. ಸಂಜೆಯ ಬ್ಯಾಚ್ ಇದೆಯೇ ವಿಚಾರಿಸಿ. ಇಲ್ಲದಿದ್ದರೆ ಪುಸ್ತಕ 10.15ಕ್ಕೆ ಮುಚ್ಚಲಿ, 10.30ಕ್ಕೆ ಮಲಗಲಿ, ಕಾಲೇಜು ಮುಗಿಸಿ ಬಂದು 4.30ಕ್ಕೆ ಅರ್ಧ ಗಂಟೆ ಮಲಗಲಿ. ಹೊಸ ಪಾಠ, ಲೆಕ್ಕ ಇವನ್ನು ಸಂಜೆ 5.30ರಿಂದ 8ರ ಚುರುಕಿನ ಹೊತ್ತಿಗಿಡಿ. ರಾತ್ರಿಯ ಓದಿನ ಕೊನೆಯ ಅರ್ಧ ಗಂಟೆ ಅಂದೇ ಓದಿದ್ದನ್ನು ಪುಸ್ತಕ ಮುಚ್ಚಿ, ನೆನಪಿನಿಂದ ಹಾಳೆ ಮೇಲೆ ಬರೆಯಲಿ. ಬಿಟ್ಟುಹೋದದ್ದನ್ನು ಬೆಳಿಗ್ಗೆ ಕೋಚಿಂಗ್ ಬಸ್ಸಿನಲ್ಲಿ ನೋಡಿಕೊಂಡರೆ ಸಾಕು.